ಗುಡುಗು ಮೇಷ್ಟ್ರ ಫೋನು

ನನ್ನ ಯಜಮಾನರು ತೀರಿಕೊಂಡ ಮೇಲೆ ದೇವರ ಗೂಡಿನಲ್ಲಿ ದೇವರಿಗೆ ಜಾಗ ಸ್ವಲ್ಪ ಕಡಿಮೆಯಾಯಿತು. ಅವರ ಫೋನನ್ನು ಅಲ್ಲೇ, ದೀಪದ ಪಕ್ಕದಲ್ಲಿ ಇಟ್ಟಿದ್ದೆ. ಇದೆಲ್ಲಿಯ ಭಕ್ತಿಯಮ್ಮಾ ಎಂದು ಮಗಳು ಮೂಗು ಮುರಿದಳು. ದೇವರು ಮಾತ್ರ ಏನೂ ಹೇಳಲಿಲ್ಲ. ಅವನ ಜೊತೆ ನನಗೆ ಚಿಕ್ಕಂದಿನ ಬಳಕೆ; ಹಿಡಿಸದಿದ್ದರೆ ಹೇಗಾದರೂ ತಿಳಿಸದೆ ಬಿಡುವವನಲ್ಲ.

ಯಜಮಾನರು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮಕ್ಕಳು ಅವರಿಗೆ ಗುಡುಗು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನಿವೃತ್ತಿಯಾದ ಮೇಲೆ ಶಾಲೆ ಅವರನ್ನು ಬಿಡಲಿಲ್ಲವೋ, ಅವರೇ ಶಾಲೆಯನ್ನು ಬಿಡಲಿಲ್ಲವೋ, ಅಂತೂ ಕೊನೆಯ ಕಾಯಿಲೆ ಬರುವವರೆಗೆ ಹೋಗಿಬರುತ್ತಲೇ ಇದ್ದರು. ಮಕ್ಕಳ ಕೈಯಲ್ಲಿ ಫೋನು ಕಂಡರೆ ಹಾವು ಕಂಡವರಂತೆ ಆಡುತ್ತಿದ್ದರು. ಮಗಳ ಬಲವಂತಕ್ಕೆ ತಾವೂ ಒಂದು ಇಟ್ಟುಕೊಂಡರು. ಅದರಿಂದ ಅವರು ಕಂಡುಕೊಂಡ ಉಪಯೋಗ ಒಂದೇ: ತರಗತಿ ಗದ್ದಲ ಮಾಡಿದಾಗ ಅದರ ಮೂಲೆಯಿಂದ ಮೇಜನ್ನು ಕುಟ್ಟುವುದು. ಕುಟ್ಟಿ ಕುಟ್ಟಿ ಮೂಲೆ ಒಡೆಯಿತು, ಆಮೇಲೆ ಒಳಗಿನ ಜೀವವೂ ಹೋಯಿತು. ಆಗಲೂ ಅದನ್ನು ಬಿಡಲಿಲ್ಲ. ಮೇಜು ಕುಟ್ಟುವುದಕ್ಕೆ ಚಾರ್ಜು ಬೇಡವಲ್ಲ. ಬಿಚ್ಚಿಕೊಳ್ಳದಿರಲೆಂದು ಒಂದು ಹಸಿರು ರಬ್ಬರ್ ಬ್ಯಾಂಡು ಸುತ್ತಿದ್ದರು, ಅಷ್ಟೆ.

ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಾನು ಆ ಫೋನನ್ನು ಕಿವಿಗೆ ಹಿಡಿದು ಅವರಿಗೆ ಆ ದಿನದ ಸಮಾಚಾರ ಹೇಳುತ್ತಿದ್ದೆ. ಮೊದಲು ದೇವರಿಗೆ ಸ್ತುತಿ, ಆಮೇಲೆ ಗಂಡನಿಗೆ ಬೈಗುಳ. ಬದುಕಿದ್ದಾಗ ನನ್ನ ಒಂದು ಮಾತನ್ನೂ ಪೂರ್ತಿ ಮುಗಿಸಲು ಬಿಡದ ಮನುಷ್ಯ ಈಗ ತುಟಿಪಿಟಕ್ಕೆನ್ನದೆ ಕೇಳುತ್ತಿದ್ದರು. ನನಗೇನೂ ತಲೆ ಕೆಟ್ಟಿರಲಿಲ್ಲ. ಆ ಕಡೆ ಯಾರೂ ಇಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಬರಿಗೈಯಲ್ಲಿ ಕೂತು ಮಾತಾಡಿದರೆ ಅಳು ಬರುತ್ತಿತ್ತು. ಅದನ್ನು ಕಿವಿಗೆ ಹಿಡಿದು ಮಾತಾಡಿದರೆ ಬರುತ್ತಿರಲಿಲ್ಲ.

ಒಂದು ಸಂಜೆ ನೋಡುತ್ತೇನೆ, ಫೋನು ಗೂಡಿನಲ್ಲಿಲ್ಲ.

ಮೊದಲು ದೇವರ ಮೇಲೆ ಅನುಮಾನ ಬಂತು. ಆಮೇಲೆ ಮೊಮ್ಮಗಳ ಮೇಲೆ. ಅವಳನ್ನು ನಾವು ಚೂಟಿ ಎಂದು ಕರೆಯುತ್ತೇವೆ. ಅದೇ ಶಾಲೆಯಲ್ಲಿ ಹತ್ತನೆಯ ತರಗತಿ. ಯಾರೂ ಹೇಳದೆ ಪುಸ್ತಕ ತೆರೆದು, ಗಟ್ಟಿಯಾಗಿ ಓದುತ್ತ ಕೂತಿದ್ದಳು. ಕಳ್ಳತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಎಲ್ಲಿ ಎಂದು ಕೇಳಿದೆ. ಯಾವುದು ಎನ್ನಲಿಲ್ಲ ಪುಣ್ಯಾತ್ಗಿತ್ತಿ. ಪುಸ್ತಕ ಮಡಚಿದಳು.

"ಅಜ್ಜಿ, ಬೈಬೇಡ. ಅದು ಈಗ ನನ್ನ ಹೆಣ."

ಬಿಡ್ತು ಅನ್ನು ಎಂದೆ. ಅವಳೂ ನಾಲಿಗೆ ಕಚ್ಚಿಕೊಂಡಳು. ಶಾಲೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ತಾತನ ಬಗ್ಗೆ ಹೇಳಿದ್ದಲ್ಲ ಎಂದು ತೊದಲುತ್ತ ವಿವರಿಸಿದಳು.

ವಿಷಯ ಹೀಗಿತ್ತು. ಬೆಳಿಗ್ಗೆ ಶಾಲೆಗೆ ಹೋದೊಡನೆ ಮಕ್ಕಳು ತಮ್ಮ ಫೋನುಗಳನ್ನು ಒಂದು ಪೆಟ್ಟಿಗೆಗೆ ಹಾಕಬೇಕು, ಸಂಜೆ ವಾಪಸು ಪಡೆಯಬೇಕು. ಹಾಕದವರ ಚೀಲವನ್ನು ಜಾಲಾಡುತ್ತಾರೆ. ನನ್ನ ಹತ್ತಿರ ಫೋನೇ ಇಲ್ಲ ಎಂದರೆ ನಂಬುವವರಿಲ್ಲ. ಆದ್ದರಿಂದ ಮಕ್ಕಳೆಲ್ಲ ಒಂದೊಂದು ಕೆಟ್ಟುಹೋದ ಫೋನು ಸಂಪಾದಿಸಿದ್ದರು. ಅದಕ್ಕೆ ಹೆಣ ಎಂದು ಹೆಸರು. ಹೆಣ ಪೆಟ್ಟಿಗೆಗೆ, ಜೀವಂತವಾದದ್ದು ಚೀಲದ ತಳಕ್ಕೆ. ಶಾಲೆಯಲ್ಲಿ ಶಿಸ್ತು ಶಿಸ್ತು ಎಂದರೆ ಇದೇ. ಚೂಟಿಯ ಹೆಣ ಮೆಟ್ಟಿಲಿನಿಂದ ಬಿದ್ದು ಚೂರಾಗಿತ್ತು. ಒಂದು ದಿನದ ಮಟ್ಟಿಗೆ ತಾತನದನ್ನು ಒಯ್ದಿದ್ದಳು, ಅಷ್ಟೆ. ಅದೇ ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಾಲಿನಲ್ಲಿ ಯಾವುದೋ ಫೋನು ಕೂಗಿತು. ಯಾರದು ಎಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಹೆಡ್‌ಮಾಸ್ಟರು ಸಿಟ್ಟಿಗೆದ್ದು ಪೆಟ್ಟಿಗೆಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

"ನಾನೇ ಹೋಗಿ ಕೇಳ್ತೀನಿ," ಎಂದೆ.

"ಬೇಡ ಅಜ್ಜಿ. ಕೆಟ್ಟ ಫೋನು ಯಾಕೆ ತಂದ್ಲು ಅಂತ ಕೇಳ್ತಾರೆ. ಒಂದು ಹೆಣ ಗೊತ್ತಾದ್ರೆ ಎಲ್ಲಾ ಗೊತ್ತಾಗತ್ತೆ. ಆಮೇಲೆ ಎಲ್ಲರ ಚೀಲ ಹುಡುಕ್ತಾರೆ. ಪರೀಕ್ಷೆಗೇ ಕೂರಿಸಲ್ಲ ಅಂದುಬಿಟ್ಟರೆ?"

ಇಂಥ ವಿಷಯದಲ್ಲಿ ಯಜಮಾನರಾಗಿದ್ದರೆ ಹಿಂದೆಮುಂದೆ ನೋಡದೆ ಮೊಮ್ಮಗಳ ಕಿವಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ನನಗೆ ಅಷ್ಟು ಧರ್ಮಬುದ್ಧಿ ಇಲ್ಲ. ಆ ಸಂಜೆ ಪ್ರಾರ್ಥನೆ ಮಾತ್ರ ಮಾಡಿದೆ. ಆಮೇಲೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮಾರನೆಯ ದಿನ ಹೆಡ್‌ಮಾಸ್ಟರೇ ಮನೆಗೆ ಬಂದರು. ಅವರು ಯಜಮಾನರ ಶಿಷ್ಯರೇ. ಚಿಕ್ಕವರಿದ್ದಾಗ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು, ಕೂತದ್ದು ಕಡಿಮೆ. ಈಗ ಅವರಿಗೆ ಇಸ್ತ್ರಿ ಎಂದು ಮಕ್ಕಳಿಟ್ಟ ಹೆಸರು. ಅಂಗಿಯ ತೋಳಿನ ಗೆರೆ ಅಷ್ಟು ಹರಿತ, ಸವರಿದರೆ ಬೆರಳು ಕುಯ್ಯಬೇಕು. ಕುರ್ಚಿಯಲ್ಲಿ ಕೂತರೂ ಬೆನ್ನು ತಗುಲಿಸಲಿಲ್ಲ. ಶುಕ್ರವಾರ ಶಾಲೆಯಲ್ಲಿ ಶಿಸ್ತಿನ ದಿನ ಮಾಡುತ್ತಿದ್ದಾರಂತೆ. ಪೋಷಕರ ಎದುರಿಗೆ ಪೆಟ್ಟಿಗೆಯಲ್ಲಿರುವ ಫೋನುಗಳನ್ನೆಲ್ಲ ಸುತ್ತಿಗೆಯಿಂದ ಒಡೆಯುತ್ತಾರಂತೆ. ಅದಕ್ಕಾಗಿ ಆಡಳಿತ ಮಂಡಳಿಯ ಅಧ್ಯಕ್ಷರೂ ಬರುತ್ತಾರಂತೆ. ಮೇಷ್ಟ್ರ ನೆನಪಿಗಾಗಿ ಮೊದಲ ಏಟು ನಾನೇ ಹೊಡೆಯಬೇಕಂತೆ.

ಟೀ ಲೋಟ ನನ್ನ ಕೈಯಲ್ಲೇ ಉಳಿಯಿತು. ಮಕ್ಕಳು ಪಾಪ, ಈ ಸಲ ಬಿಟ್ಟುಬಿಡಬಹುದಲ್ಲ ಎಂದು ಮೆಲ್ಲಗೆ ಕೇಳಿ ನೋಡಿದೆ. ಅವರು ನಕ್ಕರು. ಮೇಷ್ಟ್ರು ನಮ್ಮನ್ನು ಬಿಟ್ಟಿದ್ದರೇ ಅಮ್ಮಾ ಎಂದರು. ಬಾಗಿಲ ಸಂದಿಯಲ್ಲಿ ಚೂಟಿ ಬೇಡ ಬೇಡ ಎಂದು ನನಗೆ ತಲೆಯಾಡಿಸುತ್ತಿದ್ದಳು. ನಾನು ಬರುತ್ತೇನೆಂದು ಒಪ್ಪಿಕೊಂಡೆ. ಕಣ್ಣೆದುರಿಗೆ ಇದ್ದರೆ ಏನಾದರೂ ಮಾಡಬಹುದು. ಮನೆಯಲ್ಲಿ ಕೂತರೆ ಚೂರು ಗುಡಿಸಿಕೊಂಡು ಬರುವುದಷ್ಟೇ ಕೆಲಸ.

ಚೂಟಿಗೊಂದು ಉಪಾಯ ಹೊಳೆಯಿತು. ನಾನು ಕೈಚೀಲದಲ್ಲಿ ಇನ್ನೊಂದು ಹೆಣ ಇಟ್ಟುಕೊಂಡು ಹೋಗಬೇಕು; ಮೇಜಿನ ಮೇಲಿನ ತಾತನ ಫೋನು ಎತ್ತಿಕೊಂಡು ಇದನ್ನು ಇಡಬೇಕು. ಈ ವಯಸ್ಸಿನಲ್ಲಿ ಜೇಬುಗಳ್ಳಿಯ ಕಸುಬು. ದೇವರ ಕ್ಷಮೆಯನ್ನು ಮುಂಗಡವಾಗಿ ಕೇಳಿಕೊಂಡು ಫೋನು ರಿಪೇರಿಯವನ ಅಂಗಡಿಗೆ ಹೋದೆ. ಅವನು ಕೈ ಚೆಲ್ಲಿದ. ಕೆಟ್ಟ ಫೋನಿಗೆ ಈಗ ಎಲ್ಲಿಲ್ಲದ ಬೇಡಿಕೆ ಅಜ್ಜಿ, ನಿಮ್ಮ ಯಜಮಾನರ ಶಾಲೆಯ ಮಕ್ಕಳೇ ಅಂಗಡಿ ಗುಡಿಸಿ ಒಯ್ದುಬಿಟ್ಟರು, ಯಾರಾದರೂ ಚೆನ್ನಾಗಿರುವುದನ್ನು ತಂದರೆ ಕೆಡಿಸಿಕೊಡೋಣ ಅನ್ನಿಸುತ್ತೆ ಎಂದ. ಕೊನೆಗೆ ಅವನ ಗೂಡಿನಲ್ಲಿ ಉಳಿದದ್ದು ಒಂದು ಟಿ.ವಿ. ರಿಮೋಟು. ದೂರದಿಂದ ಗೊತ್ತಾಗಲ್ಲ ಎಂದು ಅದನ್ನೇ ಮುಂದೆ ಚಾಚಿದ. ಬೇಡಪ್ಪಾ ಎಂದು ಕೈಮುಗಿದು ಬಂದೆ.

ಶುಕ್ರವಾರ ಸಭಾಂಗಣ ತುಂಬಿತ್ತು. ಮುಂದೆ ಪೋಷಕರು, ಹಿಂದಿನ ಬೆಂಚುಗಳಲ್ಲಿ ಮಕ್ಕಳು. ವೇದಿಕೆಯ ಮೇಜಿನ ಮೇಲೆ ಒಂದು ಚಪ್ಪಡಿ ಕಲ್ಲು, ಹೊಸ ಸುತ್ತಿಗೆ, ಪಕ್ಕದಲ್ಲಿ ದೊಡ್ಡ ತಟ್ಟೆಯ ತುಂಬ ಫೋನುಗಳು. ಹಸಿರು ರಬ್ಬರ್ ಬ್ಯಾಂಡು ದೂರದಿಂದಲೇ ಕಂಡಿತು. ಹೆಡ್‌ಮಾಸ್ಟರು ಯಜಮಾನರ ಬಗ್ಗೆ ಮಾತಾಡಿದರು. ಶಾಂತಮೂರ್ತಿ ಎಂದರು, ಮೃದುಭಾಷಿ ಎಂದರು. ಸತ್ತ ಮೇಲೆ ಮನುಷ್ಯನಿಗೆ ಇಲ್ಲದ ಗುಣಗಳೆಲ್ಲ ಒಟ್ಟಿಗೆ ಬಂದು ಸೇರಿಕೊಳ್ಳುತ್ತವೆ. ನನ್ನ ಗಂಡನ ದನಿಗೆ ಪಕ್ಕದ ತರಗತಿಯ ಮಕ್ಕಳೂ ಮಗ್ಗಿ ಕಲಿತಿದ್ದರು. ಅಧ್ಯಕ್ಷರು ಈ ಕಾಲದ ಮಕ್ಕಳಿಗೆ ಗುರುಹಿರಿಯರೆಂದರೆ ಭಯವಿಲ್ಲ ಎಂದು ಬಹಳ ಹೊತ್ತು ಹೇಳಿದರು. ಆ ಹೊತ್ತಿನಲ್ಲಿ ಹಿಂದಿನ ಬೆಂಚುಗಳವರೆಲ್ಲ ತಲೆ ತಗ್ಗಿಸಿ ತಮ್ಮ ಮಡಿಲನ್ನೇ ನೋಡುತ್ತಿದ್ದರು. ಅಧ್ಯಕ್ಷರು ಅದನ್ನು ವಿನಯವೆಂದುಕೊಂಡರು.

ನನ್ನನ್ನು ಕರೆದು ಸುತ್ತಿಗೆ ಕೊಟ್ಟರು. ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ ಎಂದರು. ಎಡಗೈಯಲ್ಲಿ ಯಜಮಾನರದನ್ನು ಎತ್ತಿಕೊಂಡೆ. ಕೈಗೆ ಬಂದದ್ದೇನೋ ಬಂತು, ಇನ್ನು ಅಲ್ಲಿಂದ ಹೋಗುವುದು ಹೇಗೆ? ಎಲ್ಲರ ಕಣ್ಣೂ ಸುತ್ತಿಗೆಯ ಮೇಲೆ. ಚೂಟಿ ಹಿಂದಿನ ಸಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸ್ವಾಮೀ, ಈಗಲಾದರೂ ಬಾ ಎಂದುಕೊಂಡೆ.

ನಾನು ಹಿಂಜರಿಯುವುದನ್ನು ಕಂಡು ಹೆಡ್‌ಮಾಸ್ಟರು ಪಕ್ಕಕ್ಕೆ ಬಂದು ಬಗ್ಗಿದರು.

"ಧೈರ್ಯವಾಗಿ ಹೊಡೀರಿ ಅಮ್ಮಾ. ಯಾರಿಗೂ ನಷ್ಟ ಇಲ್ಲ. ಒಂದರಲ್ಲೂ ಜೀವ ಇಲ್ಲ."

ನಾನು ಅವರ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತೇನಪ್ಪಾ?"

"ಇಷ್ಟು ದಿನ ನನ್ನ ಬೀರುವಿನಲ್ಲಿದ್ದವು. ಒಂದಾದರೂ ಒಂದು ಸಲ ಕೂಗಬೇಕಲ್ಲ?" ಎಂದರು. "ಅವರಿಗೂ ತೊಂದರೆ ಇಲ್ಲ, ನನಗೂ ಇಲ್ಲ. ಅಧ್ಯಕ್ಷರಿಗೆ ಸಂತೋಷ. ಹೊಡೀರಿ."

ಅಷ್ಟರಲ್ಲಿ ಸಭಾಂಗಣದಲ್ಲಿ ಕೋಳಿ ಕೂಗಿತು.

ಹುಂಜ. ಬೆಳಗಿನ ಜಾವ ಕೂಗುವ ಹಾಗೆ, ಕತ್ತೆತ್ತಿ, ಉದ್ದಕ್ಕೆ. ಯಾರದೋ ಫೋನಿನ ಕರೆ. ಹಿಂದಿನ ಬೆಂಚುಗಳು ಕಲ್ಲಾದವು. ಪೋಷಕರು ತಿರುಗಿ ನೋಡಲು ಹೊರಟರು. ಅಧ್ಯಕ್ಷರು ಹುಬ್ಬು ಗಂಟಿಕ್ಕಿ, ಎಲ್ಲಾ ಫೋನೂ ಇಲ್ಲೇ ಇವೆ ಅಂದಿರಲ್ಲ ಎಂದರು. ಹುಂಜ ಎರಡನೆಯ ಸಲ ಕೂಗಿತು.

ಹೆಡ್‌ಮಾಸ್ಟರ ಮುಖ ಅವರ ಅಂಗಿಯಷ್ಟೇ ಬೆಳ್ಳಗಾಯಿತು. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಮರುಕ್ಷಣ ನನ್ನ ಎಡಗೈಯಲ್ಲಿದ್ದ ಫೋನನ್ನು ಕಿತ್ತುಕೊಂಡು ಕಿವಿಗೆ ಇಟ್ಟರು.

"ಹಲೋ. ಹಾಂ, ಹೇಳಿ. ಇಲ್ಲ, ಈಗ ಕಾರ್ಯಕ್ರಮ ನಡೀತಿದೆ."

ಹುಂಜ ಮೂರನೆಯ ಸಲ ಕೂಗಿತು. ಅವರು ಅದಕ್ಕಿಂತ ಗಟ್ಟಿಯಾಗಿ ಮಾತಾಡಿದರು. ಅಷ್ಟು ಹೊತ್ತಿಗೆ ಹಿಂದೆ ಯಾರೋ ಅದನ್ನು ಚೀಲದೊಳಗೆ ಅದುಮಿ ಕತ್ತು ಹಿಸುಕಿದರೆಂದು ತೋರುತ್ತದೆ, ಸದ್ದು ನಿಂತಿತು. ಅಧ್ಯಕ್ಷರು ಸಮಾಧಾನದಿಂದ ಕುರ್ಚಿಗೆ ಒರಗಿದರು. ನೋಡಿ, ಮುಟ್ಟುಗೋಲು ಹಾಕಿದ ಮೇಲೂ ಬಿಡುವುದಿಲ್ಲ ಇವು ಎಂದು ಪಕ್ಕದವರಿಗೆ ಹೇಳಿದರು. ಹೆಡ್‌ಮಾಸ್ಟರು ಮಾತ್ರ ಫೋನನ್ನು ಇನ್ನೂ ಕಿವಿಯಿಂದ ತೆಗೆದಿರಲಿಲ್ಲ. ಇಡುವುದು ಹೇಗೆಂದು ಮರೆತವರಂತಿದ್ದರು.

"ಯಾರಂತಪ್ಪಾ?" ಎಂದು ಕೇಳಿದೆ, ಮುಂದಿನ ಸಾಲಿಗೆ ಕೇಳಿಸುವಂತೆ.

"ಒಬ್ಬರು... ಪೋಷಕರು."

"ಲೈನಲ್ಲಿದ್ದಾರಾ?"

ಇಲ್ಲ ಎನ್ನಲು ಅವರು ಬಾಯಿ ತೆರೆದರು. ಅಧ್ಯಕ್ಷರು ನೋಡುತ್ತಿದ್ದರು. "ಇದ್ದಾರೆ," ಎಂದರು.

"ಕೊಡು, ನಾನು ಮಾತಾಡ್ತೀನಿ. ನನಗೆ ಬೇಕಾದವರೇ ಇರಬೇಕು."

ಕೊಡದೆ ಏನು ಮಾಡಿಯಾರು? ಅಲ್ಲಿ ಯಾರೂ ಇಲ್ಲ ಎನ್ನುವಂತಿರಲಿಲ್ಲ. ಸುತ್ತಿಗೆಯನ್ನು ನಾನು ಅವರ ಕೈಗಿಟ್ಟೆ, ಅವರು ಫೋನನ್ನು ನನ್ನ ಕೈಗಿಟ್ಟರು. ಆಗ ಅವರ ಹೆಬ್ಬೆರಳು ಒಡೆದ ಮೂಲೆಗೆ ತಗುಲಿತು. ಅವರು ಬಗ್ಗಿ ಅದನ್ನು ನೋಡಿದರು, ರಬ್ಬರ್ ಬ್ಯಾಂಡು ನೋಡಿದರು. ಆ ಮೂಲೆ ಮೇಜಿಗೆ ಬಡಿಯುವ ಸದ್ದನ್ನು ಪಕ್ಕದ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಕೇಳಿದವರು. ಬೆನ್ನು ನೆಟ್ಟಗಾಯಿತು, ಎರಡು ಕೈಯೂ ತೊಡೆಯ ಪಕ್ಕಕ್ಕೆ ಇಳಿದವು. ಬೆಂಚೊಂದಿದ್ದರೆ ಹತ್ತಿ ನಿಂತೇಬಿಡುತ್ತಿದ್ದರು.

ನಾನು ಫೋನನ್ನು ಕಿವಿಗೆ ಹಿಡಿದು ವೇದಿಕೆಯ ಮೆಟ್ಟಿಲಿಳಿದೆ.

"ಹೂಂ, ನಾನೇ ರೀ. ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಬೇಡಿ, ನೀವೇ ಬೀರುವಿನಲ್ಲಿ ಕೂತಿದ್ದಿರಿ. ಈಗ ಮಾತಾಡಿದವನು ಯಾರು ಗೊತ್ತಾಯ್ತಾ? ನಿಮ್ಮ ಶಿಷ್ಯನೇ. ಚೆನ್ನಾಗಿ ಬೆಳೆದಿದ್ದಾನೆ. ನಿಮಗಿಂತ ಚೆನ್ನಾಗಿ ಶಾಲೆ ನಡೆಸ್ತಾನೆ, ಬೇಜಾರು ಮಾಡ್ಕೋಬೇಡಿ."

ಫೋನಿನಲ್ಲಿ ಮಾತಾಡುತ್ತ ಬರುವವರಿಗೆ ಜನ ಎಲ್ಲಿಯೂ ದಾರಿ ಬಿಡುತ್ತಾರೆ. ಪೋಷಕರು ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟರು. ಹಿಂದಿನ ಬೆಂಚುಗಳ ಪಕ್ಕದಲ್ಲಿ ಹಾಯುವಾಗ ಮಕ್ಕಳೆಲ್ಲ ಎದ್ದು ನಿಂತರು. ಯಾರೂ ಅವರಿಗೆ ಏಳಿ ಎಂದಿರಲಿಲ್ಲ. ಚೂಟಿಯ ತುಟಿ ನಡುಗುತ್ತಿತ್ತು. ನಗುವೋ ಅಳುವೋ, ನಾನು ನಿಂತು ನೋಡಲಿಲ್ಲ.

ಹಿಂದೆ ವೇದಿಕೆಯ ಕಡೆಯಿಂದ ಒಬ್ಬರು, ದರ್ಜಿ ಎಂದು ಆಮೇಲೆ ತಿಳಿಯಿತು, ಎದ್ದು ಕೇಳುತ್ತಿದ್ದರು: ಸಾರ್, ಮಾತಾಡೋ ಫೋನನ್ನು ಒಡೀತೀರಾ, ನಮ್ಮ ಹುಡುಗನದು ನಮಗೆ ಕೊಟ್ಟುಬಿಡಿ. ಇನ್ನೊಬ್ಬರು, ಮತ್ತೊಬ್ಬರು ದನಿಗೂಡಿಸಿದರು. ಸುತ್ತಿಗೆ ಬಿದ್ದ ಸದ್ದು ಮಾತ್ರ ನನಗೆ ಕೇಳಿಸಲಿಲ್ಲ. ಅದನ್ನೂ ಯಜಮಾನರಿಗೆ ಹೇಳಿದೆ.

ಶಾಲೆಯ ಗೇಟು ದಾಟಿದ ಮೇಲೆ ಮಾತಾಡುವ ಅಗತ್ಯ ಏನೂ ಇರಲಿಲ್ಲ. ಆದರೆ ಹೇಳದೆ ಉಳಿದದ್ದು ಬಹಳ ಇತ್ತು. ಆಸ್ಪತ್ರೆಯಲ್ಲಿ ಕೊನೆಯ ಬೆಳಿಗ್ಗೆ ನಾನು ನೀರು ತರಲು ಹೋಗಿದ್ದಾಗಲೇ ಹೊರಟುಬಿಟ್ಟದ್ದು ಯಾಕೆಂದು ಕೇಳಿದೆ. ಸಂಜೆ ದೇವರ ಮುಂದೆ ಕೇಳಲು ಸಂಕೋಚವಾಗುತ್ತಿದ್ದ ಮಾತು ಅದು, ಅವನಿಗೂ ಅದರಲ್ಲಿ ಪಾಲಿತ್ತಲ್ಲ. ಕೇಳುತ್ತ ಕೇಳುತ್ತ ಕಣ್ಣು ತುಂಬಿ ಹರಿಯಿತು, ದನಿಯೂ ಏರಿತು. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ನಡೆದರು. ಒಬ್ಬರೂ ನನ್ನನ್ನು ತಲೆಕೆಟ್ಟವಳು ಎಂದುಕೊಳ್ಳಲಿಲ್ಲ. ಮುದುಕಿ ಫೋನಿನಲ್ಲಿ ಗಂಡನ ಜೊತೆ ಜಗಳವಾಡುತ್ತಿದ್ದಾಳೆ, ಅಷ್ಟೆ.