ಪೆಟ್ಟಿಗೆ ತಣ್ಣಗಿದೆ

"ಕೆಲಸ ಆಯ್ತಾ?" ಎಂದು ಕೇಳಿ ಕೇಳಿ ಗಂಟಲು ಒಣಗಿಸಿಕೊಳ್ಳದವರು ಯಾರಿದ್ದಾರೆ ಹೇಳಿ? ಮನೆಯಲ್ಲಿ ಮಕ್ಕಳನ್ನು ಕೇಳಬೇಕು, ಕಚೇರಿಯಲ್ಲಿ ದೊಡ್ಡವರನ್ನು ಕೇಳಬೇಕು. ನಮ್ಮ ಗಡಿಯಾರದಮ್ಮನಿಗಂತೂ ಅದೇ ಹೊಟ್ಟೆಪಾಡು. ಮಕ್ಕಳ ರಕ್ತದ ಕಾಯಿಲೆಗೆ ಹೊಸ ಚುಚ್ಚುಮದ್ದನ್ನು ಪರೀಕ್ಷಿಸುತ್ತಿದ್ದ ತಂಡದಲ್ಲಿ ಅವಳು ಯೋಜನೆಯ ಉಸ್ತುವಾರಿ. ಔಷಧ ಬಂತೇ, ರಕ್ತ ತೆಗೆದರೇ, ವರದಿ ಬರೆದರೇ ಎಂದು ಎಲ್ಲರ ಬೆನ್ನು ಹತ್ತುತ್ತಿದ್ದಳು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವಳ ಸ್ವಂತ ಅಕ್ಕನ ಮಗಳು ಪುಟ್ಟಿಯೂ ಆ ಚುಚ್ಚುಮದ್ದಿಗೆ ಕಾದಿದ್ದ ಮಕ್ಕಳಲ್ಲಿ ಒಬ್ಬಳು.

ಹೀಗಿರುವಾಗ ಕಚೇರಿಗೆ ಕೃತಕ ಬುದ್ಧಿಮತ್ತೆಯ ಸಹಾಯಕ ಬಂತು. ಯಾವ ಕೆಲಸ ತಡವಾದೀತು ಎಂದು ಮೊದಲೇ ಎಚ್ಚರಿಸುವುದು ಅದೇ, ಎಲ್ಲರಿಗೂ ನೆನಪು ಮಾಡುವುದೂ ಅದೇ. ಒಬ್ಬೊಬ್ಬರ ಹಳೆಯ ಸಂದೇಶಗಳನ್ನು ಓದಿ ಅವರದೇ ಧಾಟಿಯಲ್ಲಿ ಉತ್ತರವನ್ನೂ ಬರೆದಿಡುತ್ತಿತ್ತು. ಅವರು ಒಮ್ಮೆ ಒತ್ತಿದರೆ ಸಾಕು. ಅದಕ್ಕೂ ಜನ ಸೋಮಾರಿತನ ಮಾಡಿದಾಗ ಗಡಿಯಾರದಮ್ಮ ರೋಸಿಹೋದಳು. 'ಉತ್ತರ ಬಾರದಿದ್ದರೆ ಅವರ ಪರವಾಗಿ ನೀನೇ ಕಳಿಸು' ಎಂಬ ಗುಂಡಿ ಒತ್ತಿಬಿಟ್ಟಳು. ಅಂದಿನಿಂದ ಅವಳ ಪರದೆಯೆಲ್ಲ ಹಸಿರು, ಅಂದರೆ ಎಲ್ಲ ಕೆಲಸವೂ ಆಯಿತೆಂಬ ಗುರುತು. ನೆಮ್ಮದಿಯೋ ನೆಮ್ಮದಿ.

ಎಲ್ಲರಿಗಿಂತ ಸೊಗಸಾದ ಉತ್ತರ ಥಂಡಿಮಾವನದು. ಊರಾಚೆಯ ಉಗ್ರಾಣದಲ್ಲಿ ಔಷಧದ ಶೀತಪೆಟ್ಟಿಗೆಯನ್ನು ಕಾಯುತ್ತಿದ್ದವರು ಅವರು. ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚಿದವರಲ್ಲ. ದಿನವೂ ಬರೆಯುತ್ತಿದ್ದುದು ಒಂದೇ ಮಾತು: "ಪೆಟ್ಟಿಗೆ ತಣ್ಣಗಿದೆ. ನಿಮ್ಮ ಹೊಟ್ಟೆನೂ ತಣ್ಣಗಿರಲಿ."

ಒಂದು ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಗಡಿಯಾರದಮ್ಮನಿಗೆ ಮಾವನ ಹೆಂಡತಿ ಸಿಕ್ಕರು. ತಂಡದವರಿಗೆಲ್ಲ ಅವರು ಅತ್ತೆ.

"ಎಂಥ ಜನಾನಮ್ಮ ನೀವೆಲ್ಲ! ಮಾವಂಗೆ ಲಕ್ವ ಹೊಡೆದು ವಾರ ಆಗ್ತಾ ಬಂತು. ಮಾತು ನಿಂತೋಗಿದೆ, ಬಲಗೈ ಎತ್ತಕ್ಕಾಗಲ್ಲ. ಕೆಲಸಕ್ಕೆ ಹೋಗದಿದ್ರೆ ನೀವೇ ವಿಚಾರಿಸ್ತೀರಿ ಅಂದ್ಕೊಂಡೆ. ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ."

ಗಡಿಯಾರದಮ್ಮ ತಮಾಷೆ ಎಂದುಕೊಂಡು ನಕ್ಕಳು. "ಏನತ್ತೆ ನೀವು! ಬೆಳಗ್ಗೆ ತಾನೆ ಮಾವ ಮೆಸೇಜ್ ಹಾಕಿದ್ರಲ್ಲ?"

ಅತ್ತೆಯ ಕೈಯಿಂದ ಮಾತ್ರೆಯ ಪೊಟ್ಟಣ ಜಾರಿತು. "ಅವರ ಫೋನು ಅವತ್ತಿಂದ ಬೀರೂಲಿದೆ ಕಣೆ. ಚಾರ್ಜೂ ಹಾಕಿಲ್ಲ."

ಇಬ್ಬರೂ ಮನೆಗೆ ಓಡಿದರು. ಕೋಣೆಯ ಕಿಟಕಿಗೆ ಪರದೆ ಅರ್ಧ ಎಳೆದಿತ್ತು. ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತುಹಾಕಿತ್ತು. ಮಾವ ಮಂಚದ ಮೇಲೆ ಮಲಗಿದ್ದರು, ಎರಡೂ ಕೈ ಹೊದಿಕೆಯ ಮೇಲೆ. ಗಡಿಯಾರದಮ್ಮ ಪಕ್ಕದಲ್ಲಿ ಕುಳಿತದ್ದೇ ತಡ, ಅವಳ ಫೋನು ನಡುಗಿತು. ಕಳಿಸಿದವರು: ಥಂಡಿಮಾವ.

"ಮಧ್ಯಾಹ್ನದ ತಪಾಸಣೆ ಆಯ್ತು. ಪೆಟ್ಟಿಗೆ ತಣ್ಣಗಿದೆ. ನಿಮ್ಮ ಹೊಟ್ಟೆನೂ ತಣ್ಣಗಿರಲಿ."

ಅವಳು ಫೋನಿನ ಪರದೆ ನೋಡಿದಳು, ಮಾವನ ಕೈ ನೋಡಿದಳು. ಬೆರಳುಗಳು ಮಿಸುಕಿರಲಿಲ್ಲ.

ಅವಳ ಭುಜದ ಮೇಲಿಂದ ಅದನ್ನು ಓದಿದ ಅತ್ತೆ ಗೋಡೆಗೆ ಆತುಕೊಂಡರು. "ಅವರ ಮಾತು ಕಿತ್ಕೊಂಡು ಇದು ಮಾತಾಡ್ತಿದೆ ಕಣೆ. ಅದಕ್ಕೇ ಅವರಿಗೆ ಬಾಯಿ ಬರ್ತಿಲ್ಲ!"

ಗಡಿಯಾರದಮ್ಮ ಆ ಸಂದೇಶಕ್ಕೆ ಉತ್ತರವಾಗಿ ಬರೆದಳು: "ಮಾವ, ಈಗ ಎಲ್ಲಿದ್ದೀರಿ?"

ಉತ್ತರ ರೆಪ್ಪೆ ಬಡಿಯುವಷ್ಟರಲ್ಲಿ ಬಂತು. "ಪೆಟ್ಟಿಗೆ ಮುಂದೇನೇ ನಿಂತಿದ್ದೀನಮ್ಮ."

ಅದನ್ನು ಅವಳು ಗಟ್ಟಿಯಾಗಿ ಓದಿದಾಗ ಮಾವನ ಕಣ್ಣು ಅಗಲವಾಯಿತು. ಎಡಗೈ ಮೆಲ್ಲಗೆ ಎದ್ದು ಅವಳ ಮಣಿಕಟ್ಟು ಹಿಡಿಯಿತು. ಇಲ್ಲ, ಇಲ್ಲ ಎಂದು ತಲೆ ಅಲ್ಲಾಡಿಸಿದರು. ಕಣ್ಣಂಚಿನಿಂದ ನೀರಿಳಿಯಿತು. ಮರುದಿನ ಬೆಳಗ್ಗೆ ಅದೇ ಪೆಟ್ಟಿಗೆಯ ಔಷಧ ಆಸ್ಪತ್ರೆಗೆ ಹೋಗಬೇಕಿತ್ತು. ಮೊದಲ ಚುಚ್ಚುಮದ್ದು ಪುಟ್ಟಿಗೆ.

ತಂಡದಲ್ಲಿ ಗುಣಮಟ್ಟ ನೋಡುವ ಅಧಿಕಾರಿಯೊಬ್ಬಳಿದ್ದಳು. ಕೂದಲೆಳೆಯನ್ನೂ ಬಿಡದೆ ನೋಡುತ್ತಾಳೆಂದು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಗಡಿಯಾರದಮ್ಮ ಅವಳನ್ನು ಕರೆದುಕೊಂಡು ಉಗ್ರಾಣಕ್ಕೆ ಹೋದಳು. ಬಾಗಿಲು ತೆಗೆದರೆ ಒಳಗೆ ಸದ್ದೇ ಇಲ್ಲ. ಸದಾ ಗುಂಯ್‌ಗುಡುತ್ತಿದ್ದ ಪೆಟ್ಟಿಗೆಯ ಮೋಟಾರು ನಿಂತಿತ್ತು. ನೆಲದ ಮೇಲೆ ನೀರು ಹರಡಿಕೊಂಡಿತ್ತು. ಗಡಿಯಾರದಮ್ಮ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು.

ಅವಳ ಇನ್ನೊಂದು ಕೈಯಲ್ಲಿ ಫೋನು ಮತ್ತೆ ನಡುಗಿತು. "ಪೆಟ್ಟಿಗೆ ತಣ್ಣಗಿದೆ."

"ಬಿಸಾಕ್ಬೇಕು ಇದನ್ನ ಅತ್ಲಾಗೆ! ಇದು ಪಿಶಾಚಿ!" ಎಂದು ಚೀರಿದಳು ಗಡಿಯಾರದಮ್ಮ. ಆಮೇಲೆ ಮೊದಲು ಮಾಡಿದ ಕೆಲಸ ಅಕ್ಕನಿಗೆ ಫೋನು. "ನಾಳೆ ಪುಟ್ಟೀನ ಕರ್ಕೊಂಡು ಬರಬೇಡ. ಎಲ್ಲ ಮಕ್ಕಳ ಚುಚ್ಚುಮದ್ದೂ ನಿಲ್ಲಿಸ್ತಿದ್ದೀವಿ. ಕಾರಣ ಆಮೇಲೆ ಹೇಳ್ತೀನಿ." ಅಕ್ಕ ಆ ಕಡೆ ಅತ್ತದ್ದು ಕೇಳಿಸಿತು. ಎಷ್ಟು ದಿನದಿಂದ ಕಾದಿದ್ದಳು ಪಾಪ.

ಭೂತಗನ್ನಡಿ ಅಷ್ಟರಲ್ಲಿ ಕಂಪ್ಯೂಟರಿನ ದಾಖಲೆ ತೆರೆದಿದ್ದಳು. "ಪಿಶಾಚಿ ಅಲ್ಲ ಮಾರಾಯ್ತಿ, ಇಲ್ನೋಡು. ಪೆಟ್ಟಿಗೆ ಬಿಸಿ ಆದಾಗ ಅದರ ಅಲಾರಂ ಮಾವಂಗೆ ಮೆಸೇಜ್ ಹಾಕಿದೆ. ಮಾವ ಇಲ್ಲ. ಅವರ ಹೆಸರಲ್ಲಿ ಸಹಾಯಕ 'ನೋಡಿದೆ, ಸರಿಯಿದೆ' ಅಂತ ಉತ್ತರ ಕೊಟ್ಟಿದೆ. ಆ ಉತ್ತರಾನ ತಾನೇ ಓದಿ ನಿನ್ನ ಪರದೆ ಹಸಿರು ಮಾಡಿದೆ. ಪೆಟ್ಟಿಗೆ ಬಿಸಿ ಅಂತ ಅಲಾರಂ ಮತ್ತೆ ಕೂಗಿದೆ, ಸಹಾಯಕ ಮತ್ತೆ ಸರಿಯಿದೆ ಅಂದಿದೆ. ದಿನಾ ಇದೇ."

ಮನುಷ್ಯರ ಸುಳಿವಿಲ್ಲದ ಆ ಕೋಣೆಯಲ್ಲಿ ಎರಡು ಯಂತ್ರಗಳು ಹೀಗೆ ಮಾತಾಡಿಕೊಳ್ಳುತ್ತಲೇ ಇದ್ದವು. ಗಡಿಯಾರದಮ್ಮನಿಗೆ ಭೂತದ ಕಥೆಗಿಂತ ಇದೇ ಹೆಚ್ಚು ಭಯ ಹುಟ್ಟಿಸಿತು.

"ಹಾಗಾದ್ರೆ ಈ ಸಹಾಯಕ ಬೇಡವೇ ಬೇಡ. ನಾಳೆನೇ ತೆಗೆಸ್ತೀನಿ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ!" ಎಂದಳು ಭೂತಗನ್ನಡಿ. "ಹೋದ ತಿಂಗಳು ಔಷಧ ತಡ ಆಗುತ್ತೆ ಅಂತ ಮೊದಲು ಹೇಳಿದ್ದು ಯಾರು? ಇದೇ ತಾನೆ? ನೆನಪು ಮಾಡಲಿ, ಲೆಕ್ಕ ಹಾಕಲಿ, ಕರಡು ಬರೀಲಿ. ಆದ್ರೆ 'ನೋಡಿದೆ' ಅನ್ನೋ ಮಾತನ್ನ ಮಾತ್ರ ಅದಕ್ಕೆ ಕೊಡಬೇಡ. ಅದಕ್ಕೆಲ್ಲಿದೆ ಕಣ್ಣು? ಆ ಗುಂಡಿ ತೆಗಿ. ಯಾರಾದ್ರೂ ಕೆಲಸಕ್ಕೆ ಬರದಿದ್ರೆ ಅವರ ಹೆಸರಿನ ಸಹಾಯಕಾನೂ ಬಾಯಿ ಮುಚ್ಚಬೇಕು. ಅಲಾರಂ ಕೂಗಿದ್ರೆ ಪೆಟ್ಟಿಗೆ ಮುಂದೆ ನಿಂತವರೇ ನಿಲ್ಲಿಸಬೇಕು. ಯಂತ್ರ ಊಹಿಸಿ ಬರೆದದ್ದು ಬೇರೆ ಬಣ್ಣದಲ್ಲಿ ಕಾಣಲಿ."

ಗಡಿಯಾರದಮ್ಮ ಅಲ್ಲಿಯೇ ನಿಂತು ಆ ಗುಂಡಿ ತೆಗೆದಳು. ಪರದೆಯ ಹಸಿರು ಒಂದೊಂದಾಗಿ ಆರಿತು. ಎಷ್ಟೊಂದು ಕೆಲಸ ಯಾರೂ ನೋಡೇ ಇರಲಿಲ್ಲ! ಅವಳಿಗೆ ನಾಚಿಕೆಯಾಯಿತು. ಕೆಟ್ಟ ಔಷಧವನ್ನು ಬೇರೆ ಇಟ್ಟು ಬೀಗ ಹಾಕಿಸಿದರು, ಹೊಸದನ್ನು ತರಿಸಲು ಹೇಳಿದರು.

ಅತ್ತೆಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮಾವನ ಮಾತ್ರೆ, ವ್ಯಾಯಾಮ ನೆನಪಿಸಲು ವೈದ್ಯರು ಅಂಥದೇ ಒಂದು ಸಹಾಯಕವನ್ನು ಫೋನಿನಲ್ಲಿ ಹಾಕಿಕೊಟ್ಟಾಗ ಅತ್ತೆ ಕೆಂಡವಾದರು. "ಮನೆಗೂ ಬಂತಾ ಅದು?"

"ಅದು ಬರೀ ಕೂಗುತ್ತೆ ಅತ್ತೆ. ಮಾವ ಮಾತ್ರೆ ನುಂಗಿದ್ದನ್ನ ನೋಡೋದು ನೀವು, ಒತ್ತೋದು ನೀವು," ಎಂದಳು ಗಡಿಯಾರದಮ್ಮ. ಅತ್ತೆ ಸ್ವಲ್ಪ ದಿನ ಅನುಮಾನದಿಂದಲೇ ನೋಡಿದರು. ಆಮೇಲೆ, "ಕೂಗೋದು ಅದು, ಕಾಯೋದು ನಾನು. ಹಾಗಾದ್ರೆ ಇರಲಿ ಬಿಡು," ಎಂದರು.

ಹೊಸ ಔಷಧ ಬಂದ ದಿನ ಮಾವ ಹಟ ಹಿಡಿದು ಗಾಲಿಕುರ್ಚಿಯಲ್ಲಿ ಉಗ್ರಾಣಕ್ಕೆ ಬಂದರು. ಪುಟ್ಟಿಯ ಅಮ್ಮನೂ ಬಾಗಿಲಲ್ಲಿ ನಿಂತಿದ್ದಳು. ಮಾವ ಎಡಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ತುಟಿ ಸೊಟ್ಟಗಾಯಿತು, ಕುತ್ತಿಗೆಯ ನರ ಉಬ್ಬಿತು. ಎಲ್ಲರೂ ಕಾದರು.

"ತ... ತಣ್... ಇದೆ."

ಅಷ್ಟು ಹೊತ್ತು ಹಿಡಿಯಿತು, ಅಷ್ಟು ಒಡೆದುಹೋಗಿತ್ತು ಆ ಮಾತು. ಗಡಿಯಾರದಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತಾನೂ ಪೆಟ್ಟಿಗೆ ಮುಟ್ಟಿ ನೋಡಿ, ಆ ಕೆಲಸದ ಮುಂದೆ ತನ್ನ ಕೈಯಾರೆ ಗುರುತು ಹಾಕಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಆಸ್ಪತ್ರೆ, ಪ್ರಯೋಗಾಲಯ, ಔಷಧದ ಉಗ್ರಾಣಕ್ಕೂ ಈ ಸಹಾಯಕ ಬರುತ್ತದೆ. ಬರಲಿ, ದುಡಿಸಿಕೊಳ್ಳಿ. ಆದರೆ 'ಎಲ್ಲ ಸರಿಯಿದೆ' ಎಂಬ ಮಾತು ಬಂದಾಗಲೆಲ್ಲ ಒಂದೇ ಒಂದು ಪ್ರಶ್ನೆ ಕೇಳಿ: ಯಾರ ಕಣ್ಣು ನೋಡಿತು? ಉತ್ತರ ರೆಪ್ಪೆ ಬಡಿಯುವಷ್ಟರಲ್ಲಿ, ತುಂಬ ಸೊಗಸಾಗಿ ಬಂದರೆ, ಕೂರಬೇಡಿ. ಎದ್ದು ಹೋಗಿ ಪೆಟ್ಟಿಗೆ ಮುಟ್ಟಿ ನೋಡಿ.