ಐದನೇ ಎಸಳು

ಐದನೇ ಎಸಳಿಗೆ ತುದಿ ಇಲ್ಲ, ನೇಯುತ್ತಿರುವ ಸೀರೆಯ ಸೆರಗಿನ ಹೂವಿನಲ್ಲಿ ನಾಲ್ಕು ನೆಟ್ಟಗಿವೆ, ಐದನೆಯದು ಮೊಂಡು — ಹೋದ ವಾರ ಹರಿದ, ಹೂವಿನ ನಕ್ಷೆಯನ್ನು ತೂತಾಗಿ ಕೊರೆದ ರಟ್ಟಿನ ಪಟ್ಟಿಗೆ ನಾನೇ ಕಾಗದ ಅಂಟಿಸಿದ್ದೆ, ಎರಡು ತೂತು ಮುಚ್ಚಿಹೋಗಿರಬೇಕು, ಮಗ್ಗದ ಮೇಲಿನ ಜಕಾರ್ಡ್ ಯಂತ್ರದಲ್ಲಿ ಆ ಪಟ್ಟಿ ಸುತ್ತಿ ಬಂದಾಗಲೆಲ್ಲ ಎಳೆ ಏಳುವುದಿಲ್ಲ, ಮತ್ತೆ ಅದೇ ಮೊಂಡು, ಮಗ್ಗ ನಿಲ್ಲಿಸಬೇಕು, ತಪ್ಪಿದಲ್ಲಿಯವರೆಗೆ ಬಿಚ್ಚಬೇಕು, ಬನಹಟ್ಟಿಯಲ್ಲಿ ಹುಟ್ಟಿದ ಯಾವ ನೇಕಾರನೂ ತಪ್ಪು ಕಂಡ ಮೇಲೆ ಲಾಳಿ ಒಗೆಯುವುದಿಲ್ಲ, ನಾನು ಒಗೆಯುತ್ತಿದ್ದೇನೆ, ಥೂ ನನ್ನ ಜನ್ಮಕ್ಕೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕೆಳಗೆ ಉರಿ, ಕೌದಿ ಮಡಚಿ ಹಾಕಿಕೊಂಡರೂ ಉರಿ, ಬೆನ್ನ ಹಿಂದೆ ನನ್ನ ಹೆಂಡತಿ ರಾಜಶ್ರೀ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಾಳೆ, ರಾಟಿ ನಿಂತಿತು, ಕೆಮ್ಮಿದಳು, ಮತ್ತೆ ರಾಟಿ.

ಮೂಲವ್ಯಾಧಿ ಅಂತ ಅವಳಿಗೆ ಹೇಳಿದವನು ನಾನೇ, ಮೊದಲ ಸಲ ರಕ್ತ ಕಂಡಾಗ ಓಣಿಯವರೆಲ್ಲ ನಕ್ಕಿದ್ದರು, ಕುಣ್ಯಾಗ ಕುಂತವ್ರಿಗೆ ಇದು ಹಿರೇರ ಆಸ್ತಿ ಐತಿ ಬಿಡೋ ಸೋಮಲಿಂಗ, ಮೂಲಂಗಿ ರಸ ಕುಡಿ — ಒಂದು ವರ್ಷ ಕುಡಿದೆ, ದಿನಾ ಅವಳೇ ಹಿಂಡಿ ಕೊಟ್ಟಳು, ಮುಖ ಕಿವುಚಿದರೆ ಸಣ್ಣ ಮಕ್ಕಳಂಗ ಮಾಡಬ್ಯಾಡ್ರಿ ಅನ್ನುತ್ತಿದ್ದಳು, ಏಳು ವರ್ಷದಿಂದ ಜಮಖಂಡಿಗೆ ಹೋಗಿ ತರುವ ಎಚ್‌ಐವಿ ಗುಳಿಗೆಗೂ ಈ ಮನೆಯಲ್ಲಿ ಬಿಪಿ ಗುಳಿಗೆ ಅಂತಲೇ ಹೆಸರು, ನುಂಗಿದ್ರೇನ್ರಿ ಗುಳಿಗಿ ಅಂತ ನೆನಪು ಮಾಡುವವಳೂ ಅವಳೇ. ಪರಮೇಶ, ನೀನು ಕಬ್ಬಿನ ಲಾರಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಖಾಲಿ ಮಾಡಿ ಈ ಹಾದಿಯಲ್ಲಿ ಬರುತ್ತಿದ್ದೆ, ಹಾರ್ನ್ ಎರಡು ಸಲ, ನನ್ನ ಕಾಲು ತಾನೇ ಕುಣಿಯಿಂದ ಎದ್ದು ಬಿಡುತ್ತಿತ್ತು, ಈ ರೋಗ ನಿನ್ನಿಂದ ಬಂದಿದ್ದರೂ ನಿನ್ನ ಮೇಲೆ ಇವತ್ತಿಗೂ ಸಿಟ್ಟಿಲ್ಲ, ನನಗೆ ನಿನ್ನ ಮೇಲೆ ಪ್ರೀತಿಯಿತ್ತು, ಸಿಟ್ಟೆಲ್ಲ ನನ್ನ ಮೇಲೆ. ಮತ್ತೆ ಬಂತು, ಮೊಂಡು ಎಸಳು.

ನಿನ್ನೆ ಬೆಳಗಾವಿಯಲ್ಲಿ ಡಾಕ್ಟರ್‌ಬಾಯಿ ತಪಾಸಣೆಯ ಕಾಗದ ಮುಂದಿಟ್ಟುಕೊಂಡು ಅಂದಳು, ಕ್ಯಾನ್ಸರ್ ಅಲ್ರಿ, ಇನ್ನೂ ಆಗಿಲ್ಲ, ಆದ್ರ ನಿಮ್ಮ ಗುದದ್ವಾರದಾಗಿಂದ ತಗದ ತುಣುಕಿನಾಗ ಜೀವಕೋಶದ ವಂಶವಾಹಿ ಬದಲಾಗ್ಯಾವ, ಒಂದ ಕಡೆ ಹೆಚ್ಚಾಗೇತಿ, ಒಂದ ಕಡೆ ಕಳದಾವ, ಆ ಕೋಶ ಒಂದು ಹೋಗಿ ಎರಡಾದ್ರ ಎರಡಕ್ಕೂ ಅದ ತಪ್ಪು — ತಿಳೀತೇನ್ರಿ? ತಿಳೀತ್ರಿ ಅಂದೆ, ಇಷ್ಟು ಬೇಗ ತಿಳಿಯಿತೇ ಎನ್ನುವಂತೆ ನೋಡಿದಳು, ಪಟ್ಟಿ ತಪ್ಪಿದರೆ ಹೂವು ತಪ್ಪುತ್ತದೆ, ಅದರಲ್ಲಿ ತಿಳಿಯದ್ದೇನಿದೆ. ಸೋಮವಾರ ಅಷ್ಟು ಭಾಗ ಸುಟ್ಟು ತೆಗೆಯುತ್ತಾರಂತೆ, ಸುಡದೆ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಂತೆ, ಮನಿಯವ್ರನ್ನ ಕರ್ಕೊಂಡ ಬರ್ರಿ, ಅಂದಂಗ ಅವ್ರ ರಕ್ತ ತಪಾಸ್ ಆಗೇತಿಲ್ಲೊ? ಆಗೇತ್ರಿ ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ಏಳು ವರ್ಷದ ಹಿಂದೆ ಜಮಖಂಡಿಯಲ್ಲಿ ಕೇಳಿದಾಗಲೂ ತವರಿಗೆ ಹೋಗ್ಯಾಳ್ರಿ ಅಂದಿದ್ದೆ, ಆವತ್ತು ಅವಳು ಇದೇ ರಾಟಿಯ ಮುಂದೆ ಕೂತಿದ್ದಳು. ಗುಳಿಗೆ ಶುರುವಾಗುವ ಮೊದಲಿನ ವರ್ಷಗಳು, ಅವಳ ಪಕ್ಕದಲ್ಲಿ ನಾನು ಮಲಗಿದ ವರ್ಷಗಳು — ರಾಟಿ ನಿಂತಿತು, ಒಂದು ತಿಂಗಳಿಂದ ಈ ಕೆಮ್ಮು, ಸಂಜೆಯಾದರೆ ಮೈ ಬಿಸಿ, ಬಳೆ ಮೊಣಕೈವರೆಗೆ ಜಾರುತ್ತದೆ, ಹತ್ತಿಯ ದೂಳು ಅನ್ನುತ್ತಾಳೆ, ಓಣಿಯವರೂ ದೂಳು ಅನ್ನುತ್ತಾರೆ, ಹೌದು ದೂಳು ಅಂದವನು ನಾನು, ಗೊತ್ತಿದ್ದೂ ಅಂದವನು ನಾನೊಬ್ಬನೇ.

ಕಂಡಿಕೆ ಬುಟ್ಟಿ ನನ್ನ ಪಕ್ಕಕ್ಕೆ ಬಂತು, ಅವಳ ಕೈ ಬಂತು, ಬೆರಳು ಮಗ್ಗದ ಮೇಲಿನ ಸೆರಗಿನಲ್ಲಿ ಸರಿದು ಆ ಮೊಂಡು ಎಸಳಿನ ಮೇಲೆ ನಿಂತಿತು, ನೇಕಾರರ ಮನೆಯ ಮಗಳು, ಕಣ್ಣಿಗೂ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಹೇಳು, ಈಗ ಹೇಳು, ಸೋಮವಾರ ಇಬ್ಬರೂ ಹೋಗೋಣ ಅನ್ನು, ನಿನಗೂ ಗುಳಿಗೆ ಇದೆ, ಬದುಕುತ್ತೀ, ನಾನು ಏಳು ವರ್ಷ ಬದುಕಿಲ್ಲವೇ ಅನ್ನು, ಲಾಳಿ ಒಗೆದೆ, ತಪ್ಪ ಬರಾಕತ್ತೇತ್ರಿ, ಮಗ್ಗ ನಿಲ್ಲಸ್ರಿ ಅಂದಳು, ಅಷ್ಟೇ ಅಂದಳು, ಕೆಮ್ಮು ಬಂತು, ಉಟ್ಟ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು, ನನ್ನ ಕಾಲು ತುಳಿಯಿತು, ಪಟ್ಟಿ ತಿರುಗಿತು, ಒಂದು ಎಸಳು, ಎರಡು, ಮೂರು, ನಾಲ್ಕು, ಮೊಂಡು —