ಜರಿಯಿಲ್ಲದ ಅರಸ

ಉಮಾಪತಿ ಮಾಸ್ತರರು ಹಳೆಯ ರಾಜಧಾನಿ ಆನೆಗೊಂದಿಗೆ ಹೋಗಿ ಬಂದದ್ದೇ ತಪ್ಪಾಯಿತು ನೋಡಿ. ಅಲ್ಲಿನ ಕಂಬಗಳಲ್ಲಿ ಕೆತ್ತಿದ ಅರಸರನ್ನು ಕಣ್ತುಂಬ ನೋಡಿ ಬಂದವರು, ಇರಕಲ್ಲಗಡದ ನಾಟಕದ ಗೆಳೆಯರ ತಲೆ ತಿನ್ನತೊಡಗಿದರು. ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳವು. ಅಲ್ಲಿಯತನಕ ನಮ್ಮ ಕಡೆ ಅರಸ ಯಾವ ಕಾಲದವನಾದರೂ ವೇಷ ಒಂದೇ: ಮಖಮಲ್ಲಿನ ಕೋಟು, ಮೈತುಂಬ ಜರಿ, ಕಾಲಿಗೆ ಕಾಲುಚೀಲ. ಈ ಸಲ ಮಾಸ್ತರರು ತಾವೇ ಬರೆದ ನಾಟಕದಲ್ಲಿ ಅರಸನಿಗೆ ಬರಿಮೈ, ಬಿಳಿ ಧೋತರ, ಕೊರಳಿಗೆ ಒಂದೆಳೆ ಮುತ್ತು. ಅಷ್ಟೇ.

ಅರಸನ ಪಾತ್ರ ಕಿರಾಣಿ ಅಂಗಡಿಯ ದೇವೇಂದ್ರಪ್ಪನದು. ವರ್ಷಗಟ್ಟಲೆ ದೂತನಾಗಿ, ಸೇವಕನಾಗಿ ನಿಂತು ನಿಂತು ಕೊನೆಗೂ ಅವನಿಗೆ ಸಿಂಹಾಸನ ಸಿಕ್ಕಿತ್ತು. ಅವನ ತಾಯಿ ವಿರೂಪಾಕ್ಷಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಮೋರೆ ತಿಳಿಯದು, ಮೈಯಾಕಾರ ಮಸುಕುಮಸುಕು, ಮಿಂಚುವುದಷ್ಟೇ ನಿಚ್ಚಳ. ಕಿವಿಯೂ ಮಂದ. ಪೂರಾ ಕತ್ತಲಾಗುವ ಮೊದಲು ಮಗನನ್ನು ಅರಸನಾಗಿ ನೋಡಬೇಕೆಂಬುದೊಂದೇ ಅವಳ ಆಸೆ. ತನ್ನ ಮದುವೆ ಸೀರೆಯ ಜರಿಸೆರಗು ಹಿಡಿದು ಮಾಸ್ತರರ ಮನೆಗೇ ಬಂದಳು.

"ಮಾಸ್ತರ, ಇದನ್ನ ಅವನ ಹೆಗಲಮ್ಯಾಲ ಹೊದಸ್ರಿ. ಮಿಂಚಿದರ ನನಗ ಗುರ್ತು ಸಿಗತೈತಿ."

"ಕಲ್ಲಿನ್ಯಾಗ ಹಂಗಿಲ್ಲರಿ ಅವ್ವಾರ" ಎಂದು ಮಾಸ್ತರರು ಅವಳ ಕಿವಿಯ ಹತ್ತಿರ ಕೂಗಿದರು.

"ಕಲ್ಲಿನ್ಯಾಗ ಜರಿ ಹ್ಯಾಂಗ ಕಾಣತೈತ್ರಿ?"

ಮಾತು ಖರೇನೇ ಇತ್ತು. ಅದಕ್ಕೇ ಮಾಸ್ತರರಿಗೆ ಸಿಟ್ಟು ಬಂತು. ಒಬ್ಬರಿಗೆ ಬಿಟ್ಟುಕೊಟ್ಟರೆ ಎಲ್ಲರೂ ಸೆರಗು ಹಿಡಿದು ಬರುತ್ತಾರೆ ಎಂದು ಗೊಣಗುತ್ತ ಒಳಗೆ ಹೋದರು. ಜೊತೆಗೆ ಬಂದಿದ್ದ ದೇವೇಂದ್ರಪ್ಪ, ಪಾತ್ರ ಕೈತಪ್ಪೀತೆಂದು ಅಂಜಿ, ತಾಯಿಯನ್ನು ಮನೆಗೆ ಕರೆದುಕೊಂಡು ಹೋದ.

ನಾಟಕದ ದಿನ ಹೊತ್ತು ಮುಳುಗುತ್ತಲೇ ಗ್ಯಾಸ್ ಬತ್ತಿ ಹಚ್ಚಿದರು. ವಿರೂಪಾಕ್ಷಮ್ಮ ಮುಂದಿನ ಚಾಪೆಯ ಮೇಲೆ ಮಾಸ್ತರರ ಪಕ್ಕದಲ್ಲೇ ಕೂತಿದ್ದಳು. ಅರಸ ಬಂದ, ಮಾತಾಡಿದ, ಹಾಡಿದ. ಜನ ಮೊದಲು ಮುಸಿಮುಸಿ ನಕ್ಕು ಆಮೇಲೆ ಮೈಮರೆತರು. ಮಾಸ್ತರರ ಎದೆ ಉಬ್ಬಿತು. ಮುದುಕಿ ಮಾತ್ರ "ನನ್ನ ಮಗ ಯಾವಾಗ ಬರ್ತಾನ?" ಎಂದು ಕೇಳುತ್ತಲೇ ಇದ್ದಳು.

ಆಗ ವೈರಿ ಸರದಾರ ಬಂದ. ಅರಿವೆ ಅಂಗಡಿಯ ಕುಬೇರಪ್ಪ. ಪರದೇಶದ ಸರದಾರರು ಜರಿ ನೇಯ್ದ ಕಿಂಕಾಪಿನ ನಿಲುವಂಗಿ ತೊಡುತ್ತಿದ್ದರೆಂದು ಮಾಸ್ತರರೇ ಓದಿ ತಿಳಿದು ಅವನಿಗೆ ಅದನ್ನೇ ತೊಡಿಸಿದ್ದರು. ಬೆಳಕು ಬಿದ್ದದ್ದೇ ಅಂಗಿ ಧಗಧಗ ಹೊಳೆಯಿತು.

"ಬಂದ, ನನ್ನ ದೇವೇಂದ್ರ ಬಂದ" ಎಂದಳು ವಿರೂಪಾಕ್ಷಮ್ಮ. ದೃಷ್ಟಿ ತಾಗದಿರಲೆಂದು ಎರಡೂ ಕೈಯಿಂದ ನೆಟಿಗೆ ಮುರಿದಳು.

ಮಾಸ್ತರರು ಹೇಳಲೆಂದು ಅವಳ ಕಿವಿಯತ್ತ ಬಾಗಿದರು. ಅವಳ ಮುಖ ಅರಳಿದ್ದು ಕಂಡು ಹಾಗೇ ಹಿಂದೆ ಸರಿದು ಕೂತರು. ಒಂದು ಸೆರಗು ಹೊದಿಸಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು ಎಂದುಕೊಂಡರು. ರಂಗದ ಮೇಲೆ ಅರಸ ಸರದಾರನ ಕತ್ತಿಗೆ ಬಿದ್ದ. ಮುದುಕಿ ಚಪ್ಪಾಳೆ ತಟ್ಟಿದಳು.

ಆಟ ಮುಗಿದ ಮೇಲೆ ದೇವೇಂದ್ರಪ್ಪ ಅಂಗಿ ತೊಟ್ಟುಕೊಂಡು ಓಡಿಬಂದ. "ನೋಡಿದೇನವ್ವಾ?" ಎಂದು ಕೂಗಿ ಕೇಳಿದ.

"ನೋಡಿದ್ನೋ ನನ್ನಪ್ಪಾ, ಕಣ್ಣು ತಂಪಾತು. ಆದ್ರ ಆ ಬರಿಮೈ ಬಡವನ್ನ ಯಾಕ ಕೊಂದಿ? ಯಾರ ಮಗನೋ ಏನೋ, ಪಾಪ."

ದೇವೇಂದ್ರಪ್ಪ ಮಾಸ್ತರರ ಕಡೆ ಒಮ್ಮೆ ನೋಡಿದ. "ಆಟ ಅಲ್ಲೇನವ್ವಾ" ಎಂದು ಅವಳ ಕೈ ಹಿಡಿದು ಮನೆಗೆ ನಡೆದ.

ಮರುವರ್ಷ ಮಾಸ್ತರರೇ ಅವನ ಅಂಗಡಿಗೆ ಹೋದರು. "ನೀನ ಅರಸ ಆಗು. ವೇಷ ನಿನಗ ಬೇಕಾದ್ದು ಹಾಕ್ಕೊ" ಎಂದರು.

"ಬ್ಯಾಡ್ರಿ ಮಾಸ್ತರ" ಎಂದ ದೇವೇಂದ್ರಪ್ಪ. "ಅವ್ವಗ ಈಗ ಗ್ಯಾಸ್ ಬತ್ತೀನೂ ಕಾಣಂಗಿಲ್ಲ."